ಊಟದ ತಟ್ಟೆಯಿಂದ ಪ್ಲಾಸ್ಟರ್ ಅಚ್ಚು: ನನ್ನ ಅನುಭವ

ಜೇಡಿಮಣ್ಣಿನ ತಟ್ಟೆ ಬಟ್ಟಲುಗಳನ್ನು ಮಾಡಲೆಂದು ಪಾತ್ರೆಯೊಂದರಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚು ತೆಗೆಯಲು ಹೊರಟವರು ಮೊದಲು ನೋಡಬೇಕಾದುದು ಆ ಪಾತ್ರೆಯ ಬಾಯಿಯನ್ನು. ಬದಿಯಡ್ಕದ ಬಳಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ನಾನು ಮೊತ್ತಮೊದಲು ಪ್ಲಾಸ್ಟರ್ ಕಲಸಿ ಸುರಿದದ್ದು ಅಂಚು ತುಸು ಒಳಕ್ಕೆ ಬಾಗಿದ್ದ ಪಿಂಗಾಣಿ ಬಟ್ಟಲಿಗೆ. ಗಟ್ಟಿಯಾದ ಗಡ್ಡೆ ಆ ಅಂಚನ್ನು ದಾಟಿ ಹೊರಬರಲಿಲ್ಲ. ಅಮ್ಮ ತವರಿನಿಂದ ತಂದಿದ್ದ ಬಟ್ಟಲನ್ನು ಒಡೆದೇ ಬಿಡಿಸಬೇಕಾಯಿತು. ಅಂದಿನಿಂದ ಯಾವ ಪಾತ್ರೆಯನ್ನಾದರೂ ಮೇಜಿನ ಮೇಲೆ ಕವುಚಿ, ಪಕ್ಕದಲ್ಲಿ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ ಸುತ್ತಲೂ ಸರಿಸಿ ನೋಡುತ್ತೇನೆ. ಪೆನ್ಸಿಲಿನ ಬುಡ ಮಾತ್ರ ಅಂಚಿಗೆ ತಾಗಿ, ಮೇಲೆ ಎಲ್ಲಿಯೂ ತಾಗದಿದ್ದರೆ ಅಚ್ಚು ಸಲೀಸಾಗಿ ಬಿಡುತ್ತದೆ.

ಪಾತ್ರೆಯ ಒಳಗೆ ಸುರಿದರೆ ಉಬ್ಬು ಅಚ್ಚು ಸಿಗುತ್ತದೆ. ಅದರ ಮೇಲೆ ಹೊದೆಸಿದ ಜೇಡಿಮಣ್ಣು ಒಣಗುತ್ತ ಕುಗ್ಗಿ ಅಚ್ಚನ್ನೇ ಬಿಗಿಹಿಡಿಯುವುದರಿಂದ, ಹದ ನೋಡಿ ತೆಗೆಯದಿದ್ದರೆ ಸೀಳುತ್ತದೆ. ಕವುಚಿದ ಪಾತ್ರೆಯ ಹೊರಮೈಗೆ ಸುರಿದಾಗ ಸಿಗುವ ತಗ್ಗು ಅಚ್ಚಿನಲ್ಲಾದರೋ ಮಣ್ಣು ಕುಗ್ಗಿದಂತೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಊಟದ ತಟ್ಟೆಗಳಿಗೆ ಇದೇ ಲೇಸೆಂದು ನನ್ನ ಅಭಿಪ್ರಾಯ.

10 ಅಂಗುಲದ ತಟ್ಟೆಯನ್ನು ಗಾಜಿನ ಮೇಲೆ ಕವುಚಿ, ಅಂಚಿನ ಅಡಿಯ ಸಂದನ್ನೂ ತಳದಲ್ಲಿ ಬಳೆಯಂತೆ ಎದ್ದಿರುವ ಅಂಚಿನ ಸುತ್ತಲಿನ ಕೊರಕನ್ನೂ ಹಸಿಮಣ್ಣಿನಿಂದ ಮುಚ್ಚಿದೆ. ಪ್ಲಾಸ್ಟರ್ ಅಂಟದಿರಲೆಂದು, ಬಿಸಿನೀರಿನಲ್ಲಿ ಕರಗಿಸಿದ ಬಟ್ಟೆಸಾಬೂನನ್ನು ತಟ್ಟೆಗೆ 3 ಸಲ ಹಚ್ಚಿ, ಪ್ರತಿಸಲವೂ ಒರೆಸಿದೆ. ಒಂದೂವರೆ ಅಂಗುಲ ಬಿಟ್ಟು ಸುತ್ತ ಪ್ಲಾಸ್ಟಿಕ್ ಹಾಳೆಯನ್ನು ಕಟ್ಟಿ, ಅದರ ಬುಡಕ್ಕೆ ಮಣ್ಣು ಮೆತ್ತಿದೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, 3 ಲೀಟರ್ ನೀರಿಗೆ 4.2 ಕಿಲೋ ಪ್ಲಾಸ್ಟರನ್ನು ಹಿಡಿಹಿಡಿಯಾಗಿ ಉದುರಿಸಿದೆ. ನೀರನ್ನು ಪುಡಿಯ ಮೇಲೆ ಹೊಯ್ದರೆ ಗಂಟುಗಳಾಗುತ್ತವೆ. ಪುಡಿ ನೆನೆಯಲು ಎರಡು ನಿಮಿಷ ಬಿಟ್ಟು, ಕೈಯನ್ನು ಮೇಲೆತ್ತದೆ ತಳದಲ್ಲಿಯೇ ಆಡಿಸುತ್ತ ಕಲಸಿದರೆ ಗುಳ್ಳೆಗಳು ಏಳುವುದಿಲ್ಲ. ಬೆರಳಿನಿಂದ ಎಳೆದ ಗೆರೆ ಮೇಲ್ಮೈಯಲ್ಲಿ ಕ್ಷಣಕಾಲ ಉಳಿಯತೊಡಗಿದಾಗ, ತಟ್ಟೆಯ ಪಕ್ಕದಿಂದ ನಿಧಾನವಾಗಿ ಸುರಿದೆ. ಅರ್ಧ ಗಂಟೆಯೊಳಗೆ ಗಡ್ಡೆ ಬಿಸಿಯಾಯಿತು. ಆ ಬಿಸಿ ಆರಿದ ಮೇಲೆ ತಟ್ಟೆ ಸಣ್ಣ ಸದ್ದಿನೊಂದಿಗೆ ಬಿಟ್ಟಿತು. ಬಕೆಟಿನಲ್ಲಿ ಉಳಿದುದನ್ನು ಬಚ್ಚಲಿಗೆ ಚೆಲ್ಲಬಾರದು, ಕೊಳವೆಯೊಳಗೆ ಕಲ್ಲಾಗುತ್ತದೆ.

ನಮ್ಮ ಕಾಸರಗೋಡಿನ ಕಡೆ ನಿಜವಾದ ಕಷ್ಟವಿರುವುದು ಒಣಗಿಸುವುದರಲ್ಲಿ. ಒದ್ದೆ ಅಚ್ಚು ಮಣ್ಣಿನ ನೀರನ್ನು ಹೀರುವುದಿಲ್ಲ, ಮಣ್ಣು ಅಂಟಿಕೊಳ್ಳುತ್ತದೆ. ಜೂನ್ ತಿಂಗಳ ಮಳೆಯಲ್ಲಿ ಮಾಡಿದ ಅಚ್ಚೊಂದನ್ನು ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಜೊತೆ ಇಟ್ಟಿದ್ದೆ. ಶಾಖ ಹೆಚ್ಚಾಗಿ ಅದರ ಮೂಲೆಗಳು ಪುಡಿಯಾದವು. 50 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪ್ಲಾಸ್ಟರ್ ತನ್ನೊಳಗೆ ಬೆಸೆದುಕೊಂಡ ನೀರನ್ನೂ ಕಳೆದುಕೊಂಡು ದುರ್ಬಲವಾಗುತ್ತದೆ. ಈಗ ನಾನು ಅಚ್ಚು ತೆಗೆಯುವುದು ಡಿಸೆಂಬರಿನಿಂದ ಮಾರ್ಚಿಯೊಳಗೆ. ರೀಪುಗಳ ಮೇಲೆ, ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ ಒಣಗಿಸುತ್ತೇನೆ. ಕೆನ್ನೆಗೆ ಒತ್ತಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. 7 ಕಿಲೋ ತೂಗುತ್ತಿದ್ದ ಆ 10 ಅಂಗುಲದ ತಟ್ಟೆಯ ಅಚ್ಚು 5 ಕಿಲೋಗೆ ಇಳಿದು ಅಲ್ಲಿಯೇ ನಿಂತ ಮೇಲೆಯೇ ಅದರೊಳಗೆ ಮಣ್ಣು ಹಾಸಿದೆ.

ಅಂಚುಗಳನ್ನು ಮೊದಲೇ ಕೆರೆದು ದುಂಡಗೆ ಮಾಡಿದ್ದೆ. ಪ್ಲಾಸ್ಟರಿನ ಚೂರು ಮಣ್ಣಿಗೆ ಸೇರಿದರೆ ಸುಟ್ಟ ಪಾತ್ರೆಯಲ್ಲಿ ಅದು ತೇವ ಹೀರಿ ಉಬ್ಬಿ, ಮೇಲ್ಮೈ ಸಿಡಿಯುತ್ತದೆ. ಆದುದರಿಂದ ಅಚ್ಚಿನ ಬದಿಯಲ್ಲಿ ಕತ್ತರಿಸಿ ಬಿದ್ದ ಮಣ್ಣನ್ನು ಮತ್ತೆ ರಾಶಿಗೆ ಸೇರಿಸುವುದಿಲ್ಲ. ನನ್ನ ಮಣ್ಣು ಒಣಗಿ ಸುಡುವಷ್ಟರಲ್ಲಿ ನೂರಕ್ಕೆ ಹತ್ತರಷ್ಟು ಕುಗ್ಗುವುದರಿಂದ ಆ ತಟ್ಟೆಯ ಅಚ್ಚಿನಲ್ಲಿ ಮೂಡಿದವು 9 ಅಂಗುಲದವು. ಮೂಲದಷ್ಟೇ ದೊಡ್ಡದು ಬೇಕೆಂದು ಅಮ್ಮ ಹೇಳಿದ್ದರಿಂದ, ಈಗ 11 ಅಂಗುಲದ ಸ್ಟೀಲಿನ ತಟ್ಟೆಯೊಂದನ್ನು ಪೆನ್ಸಿಲು ಹಿಡಿದು ನೋಡಿ ಇಟ್ಟಿದ್ದೇನೆ.