ಹಾರಿಸದ ದಿನದ ಖರ್ಚನ್ನು ಮೊದಲೇ ಕಟ್ಟಿದ ಮೇಲೆ

ದಾವಣಗೆರೆಯ ಹೊರಗಿನ ಒಂದು ಬಯಲಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಭಾನುವಾರಗಳಂದು ಮಾದರಿ ವಿಮಾನ ಹಾರಿಸುವುದನ್ನು ಕಲಿಸಲು ಆರಂಭಿಸಿ ಏಳು ವರ್ಷಗಳಾದವು. ಅವರಲ್ಲಿ ಕೆಲವರು ಮುಂದೆ ಎನ್‌ಸಿಸಿ ವಾಯುದಳಕ್ಕೆ ಸೇರುತ್ತಾರೆ, ಇಬ್ಬರು ಅದರ ರಾಷ್ಟ್ರಮಟ್ಟದ ವಾಯು ಸೈನಿಕ ಶಿಬಿರದ ಮಾದರಿ ವಿಮಾನ ಸ್ಪರ್ಧೆಯ ಆಯ್ಕೆಯವರೆಗೂ ಹೋಗಿದ್ದಾರೆ. ಮೊದಲ ಮೂರು ವರ್ಷಗಳಲ್ಲಿ ನಾವು ಮುರಿದುಕೊಂಡ ವಿಮಾನಗಳು ಐವತ್ತಕ್ಕೆ ಕಡಿಮೆಯಿಲ್ಲ. ಪ್ರೊಪೆಲರ್ ತಗುಲಿ ಹೊಲಿಗೆ ಬಿದ್ದ ಬೆರಳುಗಳು ಮೂರು, ಅವುಗಳಲ್ಲಿ ಒಂದು ನನ್ನದೇ. ಕಳೆದ ಮೂರು ವರ್ಷಗಳಲ್ಲಿ ಒಬ್ಬರಿಗೂ ಹೊಲಿಗೆ ಬಿದ್ದಿಲ್ಲ, ವರ್ಷಕ್ಕೆ ಮುರಿಯುವ ವಿಮಾನ ನಾಲ್ಕೋ ಐದೋ. ಅಂದು ಹಾರಿಸಬೇಕೋ ಬೇಡವೋ ಎಂಬುದನ್ನು ಬಣ್ಣದ ಬಿಲ್ಲೆಗಳ ಹಲಗೆಯಿಂದ ತೀರ್ಮಾನಿಸುವ ನಮ್ಮ ಪದ್ಧತಿಯನ್ನು ಕೇಳಿ ನಕ್ಕವರೇ ಈಗ ಆ ಹಲಗೆಯ ಅಳತೆ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವಂತೆ ತಪಾಸಣಾ ಪಟ್ಟಿ. ನಲವತ್ತಕ್ಕೂ ಹೆಚ್ಚು ಅಂಶಗಳಿದ್ದ ಆ ಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಪ್ರತಿ ತಂಡಕ್ಕೂ ಕೊಟ್ಟೆ. ಎರಡನೆಯ ತಿಂಗಳು ಒಂದು ವಿಮಾನ ಏಲೆರಾನ್ (ವಿಮಾನವನ್ನು ಬದಿಗೆ ವಾಲಿಸುವ ರೆಕ್ಕೆಯಂಚಿನ ಪಟ್ಟಿ) ಉಲ್ಟಾ ಜೋಡಣೆಯಾಗಿಯೇ ಮೇಲೆದ್ದು ಹತ್ತು ಸೆಕೆಂಡಿನಲ್ಲಿ ನೆಲಕ್ಕೆ ನಾಟಿಕೊಂಡಿತು. ಅವಶೇಷಗಳ ಪಕ್ಕದಲ್ಲೇ ಬಿದ್ದಿದ್ದ ಪಟ್ಟಿಯಲ್ಲಿ ಎಲ್ಲ ಅಂಶಗಳಿಗೂ ಅಚ್ಚುಕಟ್ಟಾಗಿ ಟಿಕ್ ಹಾಕಿತ್ತು, ಏಲೆರಾನಿನ ದಿಕ್ಕು ನೋಡಬೇಕೆಂಬ ಅಂಶಕ್ಕೂ ಸೇರಿ. ಹುಡುಗನನ್ನು ಕೇಳಿದಾಗ, "ಸರ್, ಬೇಗ ಮುಗಿಸಿದ್ರೆ ನಮ್ ತಂಡ ಮೊದ್ಲು ಹಾರಿಸ್ಬೋದಲ್ಲ" ಎಂದ. ತಪ್ಪು ಅವನದಲ್ಲ, ಬೇಗ ಟಿಕ್ ಹಾಕಿದವರಿಗೆ ಬಹುಮಾನ ಸಿಗುವ ವ್ಯವಸ್ಥೆಯನ್ನು ಮಾಡಿದ್ದವನು ನಾನು.

ಎರಡನೆಯ ವರ್ಷ ವಿಮಾನಯಾನದವರ ದಾರಿಯಲ್ಲೇ ಹೋಗೋಣವೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸುರಕ್ಷತಾ ಕೈಪಿಡಿಯಲ್ಲಿರುವ ಇಪ್ಪತ್ತೈದು ಮನೆಗಳ ಕೋಷ್ಟಕವನ್ನು ತಂದೆ. ಅಪಾಯ ಸಂಭವಿಸುವ ಸಾಧ್ಯತೆಗೆ ಒಂದರಿಂದ ಐದರವರೆಗೆ ಅಂಕ, ಅದರ ತೀವ್ರತೆಗೆ A ಯಿಂದ E ವರೆಗೆ ಅಕ್ಷರ. ವಿಮಾನ ಸಂಸ್ಥೆಯ ಕಚೇರಿಯಲ್ಲಿ ಅದಕ್ಕೆ ಬೆಲೆಯಿರಬಹುದು, ಒಂಬತ್ತನೆಯ ತರಗತಿಯವರ ಕೈಯಲ್ಲಿ ಅದು ತಂಬೋಲಾ ಆಟವಾಯಿತು. ಗಾಳಿಗೆ ಮೂರೋ ನಾಲ್ಕೋ ಎಂದು ಅರ್ಧ ಗಂಟೆ ಚರ್ಚೆ ನಡೆಯುತ್ತಿತ್ತು, ಅಷ್ಟರಲ್ಲಿ ಗಾಳಿಯೇ ಬದಲಾಗಿರುತ್ತಿತ್ತು.

ಕಣ್ಣು ತೆರೆಸಿದ್ದು ಮೂರನೆಯ ವರ್ಷ, ಒಂದು ಶಾಲೆಯ ವಾರ್ಷಿಕೋತ್ಸವ. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದರು. ಬೆಳಗಿನ ತಿಳಿಗಾಳಿ ಹೋಗಿ ಮೈದಾನದಲ್ಲಿ ಮಧ್ಯಾಹ್ನದ ಸುಳಿಗಾಳಿ ಏಳುತ್ತಿತ್ತು. ಹಾರಿಸಬಾರದೆಂದು ನನಗೂ ಗೊತ್ತಿತ್ತು, ನೆಲದಿಂದ ವಿಮಾನ ನಡೆಸುವ ಟ್ರಾನ್ಸ್‌ಮಿಟರ್ ಹಿಡಿದಿದ್ದ ಹುಡುಗಿಗೂ ಗೊತ್ತಿತ್ತು, ಆದರೂ ಹಾರಿಸಿದೆವು. ಒಂದೂಕಾಲು ಕಿಲೋ ತೂಕದ ವಿಮಾನ ಶಾಮಿಯಾನದ ಬಟ್ಟೆಯನ್ನು ಹರಿದು ಖಾಲಿ ಕುರ್ಚಿಗಳ ಸಾಲಿನ ಮೇಲೆ ಬಿತ್ತು. ಆ ಸಾಲಿನವರು ಊಟಕ್ಕೆ ಎದ್ದುಹೋಗಿದ್ದರೆಂಬುದು ನಮ್ಮ ಪುಣ್ಯ. ಶಾಮಿಯಾನದವರಿಗೆ ನಾಲ್ಕು ಸಾವಿರ ಕೊಟ್ಟೆ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಅಂದು ರಾತ್ರಿ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಹರಡಿಕೊಂಡು ಕುಳಿತೆ. ದೊಡ್ಡ ಅವಘಡಗಳಲ್ಲಿ ಮುಕ್ಕಾಲು ಪಾಲು ನಡೆದದ್ದು ನಮಗೆ ಗೊತ್ತಿಲ್ಲದ ಅಪಾಯದಿಂದಲ್ಲ, ಗೊತ್ತಿದ್ದೂ ನಿಲ್ಲಿಸಲಾಗದ ದಿನಗಳಲ್ಲಿ. ವ್ಯಾನಿಗೆ ಸಾವಿರದ ಎಂಟುನೂರು ಬಾಡಿಗೆ ಕೊಟ್ಟಾಗಿದೆ, ಹಿಂದಿನ ವಾರವೂ ಮಳೆಯಿಂದ ಹಾರಿಸಿಲ್ಲ, ಪೋಷಕರು ಮೊಬೈಲ್ ಹಿಡಿದು ನಿಂತಿದ್ದಾರೆ, ಇದೇ ಕೊನೆಯ ಬ್ಯಾಟರಿ: ಪ್ರತಿ ಪುಟದಲ್ಲೂ ಇಂಥದೊಂದು ಕಾರಣ. ಇವುಗಳಲ್ಲಿ ಒಂದೂ ನನ್ನ ನಲವತ್ತು ಅಂಶಗಳಲ್ಲಿ ಇರಲಿಲ್ಲ.

ಅಲ್ಲಿಂದ ಬಂದದ್ದು ಬಿಲ್ಲೆಯ ಹಲಗೆ. ಎರಡಡಿ ಪ್ಲೈವುಡ್ ಹಲಗೆಯ ಮೇಲೆ ಒಂಬತ್ತು ಕೊಕ್ಕೆಗಳು, ಪ್ರತಿ ಕೊಕ್ಕೆಗೂ ಒಂದು ಪ್ರಶ್ನೆ, ನೇತುಹಾಕಲು ಹಸಿರು, ಹಳದಿ, ಕೆಂಪು ಬಿಲ್ಲೆಗಳು. ಒಂದು ಕೆಂಪು ಬಿದ್ದರೂ ಹಾರಾಟವಿಲ್ಲ, ಮೂರು ಹಳದಿ ಬಿದ್ದರೂ ಇಲ್ಲ. ಗಾಳಿ, ಬ್ಯಾಟರಿ, ಮೂವತ್ತು ಹೆಜ್ಜೆ ದೂರದಿಂದ ಸಂಕೇತ ಸಿಗುತ್ತದೆಯೇ ಎಂಬ ರೇಂಜ್ ಪರೀಕ್ಷೆ, ಸಂಕೇತ ತಪ್ಪಿದರೆ ಮೋಟರನ್ನು ತಾನೇ ನಿಲ್ಲಿಸುವ ಫೇಲ್‌ಸೇಫ್ ಇವೆಲ್ಲ ಹಾರಿಸುವವರಿಗೆ ಗೊತ್ತಿರುವವೇ. ಟ್ರಾನ್ಸ್‌ಮಿಟರ್ ಆಫ್ ಮಾಡಿದಾಗ ಮೋಟರ್ ನಿಲ್ಲದಿದ್ದರೆ ನಮ್ಮಲ್ಲಿ ಅದು ನೇರ ಕೆಂಪು. ಹೊಸತಿರುವುದು ಉಳಿದ ಕೊಕ್ಕೆಗಳಲ್ಲಿ. ಯಾರಾದರೂ ನಮ್ಮ ಹಾರಾಟಕ್ಕಾಗಿ ಕಾಯುತ್ತಿದ್ದಾರೆಯೇ? ಹೌದಾದರೆ ಹಳದಿ. ಕಳೆದ ವಾರ ರದ್ದಾಗಿತ್ತೇ? ಹಳದಿ. ಇದು ದಿನದ ಕೊನೆಯ ಹಾರಾಟವೇ? ಹಳದಿ. ಮುಖ್ಯ ಅತಿಥಿಯೊಬ್ಬರು ಬಂದು ಕುಳಿತರೆಂದರೆ ನಮ್ಮ ಹಲಗೆಗೆ ಅದು ಗಾಳಿ ಏರಿದಷ್ಟೇ ತೂಕದ ವಿಷಯ. ಕೊನೆಯ ಬಿಲ್ಲೆಯನ್ನು ಹಾಕುವುದು ಅಂದು ಬಂದವರಲ್ಲಿ ಅತ್ಯಂತ ಕಿರಿಯ ಕಲಿಕಾರ್ಥಿ, ಅವನು ಕಾರಣ ಹೇಳಬೇಕಾಗಿಲ್ಲ. ಆ ಒಂಬತ್ತನೆಯ ಕೊಕ್ಕೆಯ ಪ್ರಶ್ನೆಯನ್ನು ಹೇಗೆ ಕೇಳುತ್ತೇವೆಂಬುದು ನಮ್ಮ ಬಯಲಿನಲ್ಲೇ ಇರಲಿ, ಬಂದವರಿಗೆ ತೋರಿಸುತ್ತೇನೆ.

ವಾಯುಪಡೆಯಿಂದ ನಿವೃತ್ತರಾದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕಂಡು, "ಮಕ್ಕಳ ಕೈಗೆ ಬೀಗದ ಕೈ ಕೊಟ್ಟಿದ್ದೀರಿ, ಇನ್ನು ಇಲ್ಲಿ ವಿಮಾನ ಹಾರಿದ ಹಾಗೆಯೇ" ಎಂದರು. ಮೊದಲ ಎರಡು ತಿಂಗಳು ಅವರ ಮಾತೇ ನಿಜವಾಗುವಂತಿತ್ತು, ಏಕೆಂದರೆ ಎಂಟರಲ್ಲಿ ಐದು ಭಾನುವಾರ ರದ್ದಾದವು. ನಾನು ಹಲಗೆಯನ್ನು ಬದಲಿಸಲಿಲ್ಲ, ಹಣದ ಏರ್ಪಾಡನ್ನು ಬದಲಿಸಿದೆ. ಬಯಲಿಗೆ ಹೊರಡುವ ಮುನ್ನವೇ ರದ್ದಾದರೆ ಅರ್ಧ ಬಾಡಿಗೆ ಎಂದು ವ್ಯಾನಿನವರೊಂದಿಗೆ ಮಾತಾಡಿಕೊಂಡು, ವರ್ಷಕ್ಕೆ ಅಂಥ ಹದಿನಾಲ್ಕು ಭಾನುವಾರಗಳ ಲೆಕ್ಕ ಹಿಡಿದು ಆ ಮೊತ್ತವನ್ನು ಮಕ್ಕಳ ಶುಲ್ಕದಲ್ಲಿಯೇ ಸೇರಿಸಿದೆ. ಒಬ್ಬೊಬ್ಬರಿಗೆ ಐನೂರರ ಆಸುಪಾಸು ಹೆಚ್ಚಾಯಿತು. ರದ್ದಾದ ದಿನಕ್ಕೆಂದೇ ಥರ್ಮೊಕೋಲ್ ರೆಕ್ಕೆ ಕೊಯ್ಯುವ ಬಿಸಿತಂತಿಯ ಕೆಲಸ, ಸಿಮ್ಯುಲೇಟರಿನಲ್ಲಿ ಅಭ್ಯಾಸ, ಸರ್ವೊ (ರೆಕ್ಕೆ, ಬಾಲಗಳ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟರ್) ದುರಸ್ತಿ ಇವನ್ನು ಕಾದಿರಿಸಿದೆ. ಹಾರಿಸದ ದಿನದ ಖರ್ಚು ಮೊದಲೇ ಕಟ್ಟಿಯಾಗಿದ್ದರೆ ಕೆಂಪು ಬಿಲ್ಲೆ ಹಾಕುವ ಕೈ ನಡುಗುವುದಿಲ್ಲ. ವಿಮಾನಗಳ ಮೇಲಿನ ಉಳಿತಾಯವನ್ನೇ ನೋಡಿದರೂ, ಮೊದಲು ವರ್ಷಕ್ಕೆ ಎಪ್ಪತ್ತು ಸಾವಿರದವರೆಗೆ ಹೋಗುತ್ತಿದ್ದದ್ದು ಈಗ ಇಪ್ಪತ್ತೈದು ಸಾವಿರ ದಾಟುವುದಿಲ್ಲ. ಆ ಸಹೋದ್ಯೋಗಿಯವರು ಕಳೆದ ವರ್ಷ ತಮ್ಮ ಕೇಂದ್ರಕ್ಕೂ ಒಂದು ಹಲಗೆ ಮಾಡಿಸಿಕೊಂಡರು. ಕೊಕ್ಕೆಗಳನ್ನು ಮಾತ್ರ ಹನ್ನೆರಡು ಮಾಡಿದ್ದಾರೆ, ಅದು ಹೆಚ್ಚಾಯಿತೆಂದು ನನ್ನ ಅಭಿಪ್ರಾಯ.

ಗಾಳಿಯ ಕೊಕ್ಕೆಗಾಗಿ ಒಂದು ಸಣ್ಣ ಪ್ರಯೋಗ ನಡೆಸಿದೆವು. ಒಂದೂವರೆ ಸಾವಿರ ಕೊಟ್ಟು ತಂದ, ಗಾಳಿಯ ವೇಗ ಅಳೆಯುವ ಕೈ ಮಾಪಕದ ಅಂಕಿಯನ್ನು ಮಕ್ಕಳು ತಮಗೆ ಬೇಕಾದ ಕ್ಷಣದಲ್ಲಿ ಓದುತ್ತಿದ್ದರು. ಗಾಳಿ ತಗ್ಗಿದಾಗ ಓದಿದರೆ ಎಲ್ಲವೂ ಹಸಿರು. ಅದರ ಬದಲು ಬಿದಿರಿನ ಗಳುವಿಗೆ ಹಳೆಯ ಸೀರೆಯ ಫಾಲಿನ ಒಂದು ಮೊಳದ ಪಟ್ಟಿ ಕಟ್ಟಿ, ಮಾಪಕದೊಂದಿಗೆ ಐದಾರು ದಿನ ತಾಳೆ ನೋಡಿದೆವು. ನಮ್ಮ ಪಟ್ಟಿ ಅರ್ಧ ಎದ್ದರೆ ಗಂಟೆಗೆ ಹನ್ನೆರಡು ಕಿಲೋಮೀಟರ್ ಸುಮಾರು, ಅಡ್ಡವಾಗಿ ನಿಂತರೆ ಇಪ್ಪತ್ತು. ಐದು ನಿಮಿಷದಲ್ಲಿ ಒಮ್ಮೆಯಾದರೂ ಅಡ್ಡವಾದರೆ ಕೆಂಪು. ಆಷಾಢದಲ್ಲಿ ಆ ಪಟ್ಟಿ ಕೆಳಗಿಳಿಯುವುದೇ ಇಲ್ಲ, ಆದ್ದರಿಂದ ಆ ತಿಂಗಳು ಪೂರ್ತಿ ಗಾಳಿಪಟ ಹಾರಿಸುವವರಿಗೆ ಬಯಲು ಬಿಟ್ಟುಕೊಡುತ್ತೇವೆ. ದಾರಗಳ ನಡುವೆ ವಿಮಾನ ಹಾರಿಸುವುದು ಹೇಗೂ ಸಲ್ಲ. ಬಯಲು ಡ್ರೋನ್ ನಿಯಮ 2021ರ ಪ್ರಕಾರ ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿದ್ದು ಅಲ್ಲಿ 400 ಅಡಿಯವರೆಗೆ ಅವಕಾಶವಿದ್ದರೂ ಮಕ್ಕಳಿಗೆ ನಾನು ಕೊಡುವುದು ಅರ್ಧ ಮಾತ್ರ, ಅದಕ್ಕಿಂತ ಮೇಲೆ ಹೋದರೆ ವಿಮಾನದ ಮೂತಿ ಯಾವ ಕಡೆಗಿದೆಯೆಂಬುದು ಅವರಿಗೆ ತಿಳಿಯುವುದಿಲ್ಲ. ರೆಕ್ಕೆಯ ಕೆಳಭಾಗಕ್ಕೆ ಬಗೆಬಗೆಯ ಬಣ್ಣ ಬಳಿದು ನೋಡಿದೆವು, ಕಡುಗಪ್ಪು ಪಟ್ಟೆಗಳೇ ಚೆನ್ನಾಗಿ ಕಂಡವು.

ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗಳನ್ನು ಇಡಲು ಬಿಗಿ ಮುಚ್ಚಳದ ಕಬ್ಬಿಣದ ಪೆಟ್ಟಿಗೆಯನ್ನು ಬಳಸಿದ್ದು ನನ್ನ ಇನ್ನೊಂದು ಅವಿವೇಕ. ಒಳಗೆ ಒಂದು ಊದಿ ಹೊತ್ತಿಕೊಂಡಾಗ ಹೊಗೆಗೆ ದಾರಿಯಿಲ್ಲದೆ ಮುಚ್ಚಳವೇ ಹಾರಿತು, ಕೊಠಡಿಯಲ್ಲಿ ಯಾರೂ ಇರಲಿಲ್ಲ. ಈಗ ಮರಳು ತುಂಬಿದ ಮಣ್ಣಿನ ಹೂಕುಂಡಗಳಲ್ಲಿ ಇಡುತ್ತೇವೆ. ಒಂದಕ್ಕೆ ಎಂಬತ್ತು ರೂಪಾಯಿ, ಬಾಯಿಗೆ ಮಣ್ಣಿನ ತಟ್ಟೆಯನ್ನು ಸಡಿಲವಾಗಿ ಮುಚ್ಚಿದರೆ ಸಾಕು. ವಾರ ಕಳೆದು ಬಳಸುವುದಿದ್ದರೆ ಬ್ಯಾಟರಿಯ ಪ್ರತಿ ಸೆಲ್ಲನ್ನೂ 3.8 ವೋಲ್ಟಿಗೆ ತಂದೇ ಇಡುವುದು.

ಹೋದ ತಿಂಗಳ ಎರಡನೆಯ ಭಾನುವಾರ ಆಕಾಶ ತಿಳಿಯಾಗಿತ್ತು, ಗಳುವಿನ ಬಟ್ಟೆಪಟ್ಟಿ ಅಲುಗುತ್ತಿರಲಿಲ್ಲ, ಎಂಟು ಕೊಕ್ಕೆಗಳೂ ಹಸಿರಾಗಿದ್ದವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಂಬತ್ತನೆಯದಕ್ಕೆ ಕೆಂಪು ಹಾಕಿ ಸುಮ್ಮನೆ ನಿಂತಳು. ಯಾರೂ ಏಕೆಂದು ಕೇಳಲಿಲ್ಲ. ಬಯಲಿಗೆ ಬಂದಾಗಿದ್ದರಿಂದ ಅಂದು ವ್ಯಾನಿಗೆ ಪೂರ್ತಿ ಬಾಡಿಗೆಯೇ ಹೋಯಿತು. ವಿಮಾನಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿ, ಬೇವಿನ ಮರದ ಕೆಳಗೆ ಕುಳಿತು ಮಧ್ಯಾಹ್ನದವರೆಗೆ ಸರ್ವೊಗಳ ಹಲ್ಲುಚಕ್ರ ಬದಲಿಸಿದೆವು.