ಕುಂಬಿ ಮೇಲಿನ ಹಾವಸೆಯೊಳಗೊಂದು ಲೋಕ

ನಾನು ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುವವನು. ಓದಿದ್ದು ಬಿ.ಕಾಂ. ವಿಜ್ಞಾನದ ನಂಟು ಹೈಸ್ಕೂಲಿಗೇ ತೀರಿತ್ತು. ಭೂತಗನ್ನಡಿಯ ನಂಟು ಮಾತ್ರ ಕಸುಬಿನ ಜೊತೆಗೇ ಬಂದದ್ದು. ಮಾಲು ಬಂದಾಗ ಬಟ್ಟೆಯ ಮೇಲೆ ಪಿಕ್ ಗ್ಲಾಸ್ ಇಟ್ಟು, ಅದರ ಒಂದಿಂಚಿನ ಕಿಂಡಿಯೊಳಗೆ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಅಂತ ಎಣಿಸುತ್ತೇವೆ. ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಕೂಡಿಸಿದ ಜಾಗ ಬರಿಗಣ್ಣಿಗೆ ಒಂದು ಗೆರೆ, ಅಷ್ಟೆ. ಗಾಜಿನಡಿ ನೋಡಿದರೆ ಒಂದರೊಳಗೊಂದು ತೂರಿ ನಿಂತ ನೂರಾರು ಕುಣಿಕೆ.

ಮಗಳ ಪಾಠದಲ್ಲಿ ಆಂಟನಿ ವಾನ್ ಲ್ಯೂವೆನ್‌ಹುಕ್ ಹೆಸರು ಬಂದಾಗ ನಾನು ಪಕ್ಕದಲ್ಲೇ ಕೂತಿದ್ದೆ. ನೀರಿನ ಹನಿಯೊಳಗಿನ ಜೀವಿಗಳನ್ನು ಮೊಟ್ಟಮೊದಲು ಕಂಡವನು. ಹಾಲೆಂಡಿನ ಡೆಲ್ಫ್ಟ್ ಊರಿನವನು, ಹುಟ್ಟಿದ್ದು 1632ರಲ್ಲಿ. ಅವನೂ ಅರಿವೆ ಅಂಗಡಿಯವನು ಅನ್ನುವ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆಮೇಲೆ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಲ್ಯಾಟಿನ್ ಬಾರದು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಅಂಗಡಿ, ಜೊತೆಗೆ ಊರಿನ ಆಡಳಿತದಲ್ಲೊಂದು ನೌಕರಿ, ಉಳಿದ ಹೊತ್ತಿನಲ್ಲಿ ಕೈಯಾರೆ ಗಾಜು ತಿಕ್ಕಿ ಪುಟ್ಟ ಪುಟ್ಟ ಮಸೂರ ಮಾಡುವುದು. ಅವನ ಕೈಯದೇ ಒಂದು ಉಪಕರಣ ಇವತ್ತಿಗೂ ಉಳಿದಿದೆ, ಸುಮಾರು 270 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. 1674ರಲ್ಲಿ ಹತ್ತಿರದ ಕೆರೆಯ ನೀರು ತಂದು ನೋಡಿದ. ಆಮೇಲೆ ಕಾಳುಮೆಣಸು ಯಾಕೆ ಖಾರ ಎಂದು ತಿಳಿಯುವ ಹಂಬಲಕ್ಕೆ ಮೆಣಸನ್ನು ನೀರಲ್ಲಿ ನೆನೆಹಾಕಿದ. ಖಾರದ ಗುಟ್ಟು ಸಿಗಲಿಲ್ಲ, ಆ ನೀರಿನಲ್ಲಿ ಓಡಾಡುವ ಜೀವಿಗಳು ಸಿಕ್ಕವು. 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ತನಗೆ ಬರುವ ಡಚ್ ಭಾಷೆಯಲ್ಲೇ ಉದ್ದನೆಯ ಕಾಗದ ಬರೆದ. ಅಲ್ಲಿನವರಿಗೆ ನಂಬಿಕೆ ಬರಲು ಮರುವರ್ಷ ಸೊಸೈಟಿಯ ವಿಜ್ಞಾನಿ ರಾಬರ್ಟ್ ಹುಕ್ ತಾನೇ ನೋಡಿ ಹೌದೆನ್ನಬೇಕಾಯಿತು. 1680ರಲ್ಲಿ ಅದೇ ಸೊಸೈಟಿ ಇವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು.

ಒಬ್ಬ ಬಟ್ಟೆ ವ್ಯಾಪಾರಿಗೆ ಆದದ್ದು ಇನ್ನೊಬ್ಬನಿಗೆ ಯಾಕಾಗಬಾರದು? ಶಾಲೆ ಮಕ್ಕಳು ಬಳಸುವ ಮೈಕ್ರೋಸ್ಕೋಪ್ ತರಿಸಿದೆ. ಸಾಧಾರಣ ಮೊಬೈಲಿನ ಬೆಲೆಗಿಂತ ಕಡಿಮೆಗೇ ಬಂತು. 40, 100, 400 ಪಟ್ಟು, ಮೂರು ಹಂತ. ಇಷ್ಟು ಸಾಕು, ಇದಕ್ಕಿಂತ ಹೆಚ್ಚಿನದಕ್ಕೆ ದುಡ್ಡು ಹಾಕಬೇಡಿ. ಅಷ್ಟೂ ಆಗದು ಅನ್ನುವವರಿಗೆ ಕಾಗದ ಮಡಿಚಿ ಮಾಡುವ ಫೋಲ್ಡ್‌ಸ್ಕೋಪ್ ಇದೆ. ಮೀರತ್‌ನಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡ್‌ನಲ್ಲಿ ಕೆಲಸ ಮಾಡುವ ಮನು ಪ್ರಕಾಶ್ ತಮ್ಮ ವಿದ್ಯಾರ್ಥಿಯ ಜೊತೆ ರೂಪಿಸಿ 2014ರಲ್ಲಿ ಜಗತ್ತಿಗೆ ತೋರಿಸಿದ್ದು. 140 ಪಟ್ಟು ತೋರಿಸುತ್ತದೆ, ಜೇಬಿನಲ್ಲಿ ಹಿಡಿಯುತ್ತದೆ.

ಮೊದಲು ನೋಡಿದ್ದು ನೂಲು. ಹತ್ತಿಯ ಎಳೆ ನಡುನಡುವೆ ತಿರುಚಿಕೊಂಡ ಚಪ್ಪಟೆ ಪಟ್ಟಿ, ರೇಷ್ಮೆ ನಯವಾದ ಕೋಲು, ಪಾಲಿಯೆಸ್ಟರ್ ಎಲ್ಲಿ ನೋಡಿದರೂ ಒಂದೇ ದಪ್ಪ. ಕಸುಬಿಗೆ ಇದೇ ದೊಡ್ಡ ಲಾಭ. ಆದರೆ ನನಗೆ ಹುಚ್ಚು ಹಿಡಿಸಿದ್ದು ಹಿತ್ತಲಿನ ದನದ ಬಾನಿಯ ನೀರು.

ನೀರು ತರುವುದರಲ್ಲೇ ಅರ್ಧ ಕೆಲಸವಿದೆ. ಮೇಲಿನ ತಿಳಿನೀರಿನಲ್ಲಿ ಹೆಚ್ಚೇನೂ ಇರುವುದಿಲ್ಲ. ತಳದ ಗಸಿ, ಗೋಡೆಗೆ ಹತ್ತಿದ ಹಸಿರು ಲೋಳೆ, ಕೊಳೆತ ಎಲೆಯ ಅಂಚು, ಇವುಗಳ ಪಕ್ಕ ಡ್ರಾಪರ್ ಇಟ್ಟು ಎಳೆಯಬೇಕು. ಸ್ಲೈಡಿನ ಮೇಲೆ ಒಂದೇ ಹನಿ. ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿದರೆ ಗಾಳಿಗುಳ್ಳೆ ಸಿಗಿಬೀಳುವುದಿಲ್ಲ. ಹನಿಯೊಳಗಿನವು ಕಣ್ಣಿಗೆ ನಿಲ್ಲದಷ್ಟು ಜೋರಾಗಿ ಓಡುತ್ತವೆ. ಅದಕ್ಕೆ ಅರಳೆಯಿಂದ ನಾಲ್ಕು ಎಳೆ ಬಿಡಿಸಿ ಹನಿಯಲ್ಲಿ ಹಾಕುತ್ತೇನೆ. ಎಳೆಗಳ ನಡುವಿನ ಸಂದಿಯಲ್ಲಿ ಅವು ಸಿಕ್ಕಿಕೊಂಡು ನಿಧಾನವಾಗುತ್ತವೆ. ಬೆಳಕು ಜಾಸ್ತಿ ಬೇಡ. ಇವುಗಳ ಮೈ ಗಾಜಿನಷ್ಟು ಪಾರದರ್ಶಕ; ಕೆಳಗಿನ ಕಿಂಡಿಯನ್ನು ಕಿರಿದು ಮಾಡಿ ಬೆಳಕು ತಗ್ಗಿಸಿದಷ್ಟೂ ಅಂಚುಗಳು ಎದ್ದು ಕಾಣುತ್ತವೆ. ಕನ್ನಡಿ ಇರುವ ಮೈಕ್ರೋಸ್ಕೋಪಾದರೆ ಅದನ್ನು ನೇರ ಸೂರ್ಯನಿಗೆ ಹಿಡಿಯಲೇಬಾರದು, ಕಣ್ಣು ಹೋಗುತ್ತದೆ. ಮಕ್ಕಳಿಗೆ ಇದನ್ನು ಮೊದಲ ಪಾಠವಾಗಿ ಹೇಳಿ. ಇನ್ನೊಂದು ಮಾತು: ನೋಡದ ಕಣ್ಣನ್ನು ಮುಚ್ಚಬೇಡಿ. ಎರಡೂ ಕಣ್ಣು ತೆರೆದೇ ನೋಡುವುದು ರೂಢಿಯಾದರೆ ತಾಸುಗಟ್ಟಲೆ ಕೂತರೂ ತಲೆ ನೋಯುವುದಿಲ್ಲ.

ಬಾನಿಯ ಲೋಳೆಯಲ್ಲಿ ನನಗೆ ಮೊದಲು ಸಿಕ್ಕದ್ದು ವೋರ್ಟಿಸೆಲ್ಲಾ. ಹಸಿರು ಎಳೆಯೊಂದಕ್ಕೆ ಉದ್ದನೆಯ ತೊಟ್ಟಿನಿಂದ ಅಂಟಿಕೊಂಡ ಗಂಟೆಯಾಕಾರದ ಜೀವಿ. ಬಾಯಿಯ ಸುತ್ತ ಕೂದಲು ಆಡುತ್ತಿರುತ್ತವೆ, ಆ ಸೆಳವಿಗೆ ನೀರಿನ ಕಣಗಳು ಸುತ್ತುತ್ತಾ ಬಾಯಿಗೆ ಬಂದು ಬೀಳುತ್ತವೆ. ನೋಡುತ್ತಿದ್ದ ಹಾಗೇ ಅದು ಮಾಯ. ಎಲ್ಲಿ ಹೋಯಿತೆಂದು ಹುಡುಕಿದರೆ ತೊಟ್ಟು ಸುರುಳಿಯಾಗಿ, ಗಂಟೆ ಮುದುಡಿ ಬುಡಕ್ಕೆ ಬಂದು ಕೂತಿದೆ. ಆ ಕುಗ್ಗು ಸೆಕೆಂಡಿನ ಸಾವಿರದ ಕೆಲವೇ ಪಾಲಿನಲ್ಲಿ ಆಗಿಹೋಗುತ್ತದೆ, ಕಣ್ಣಿಗೆ ನಿಲುಕುವ ಮಾತೇ ಇಲ್ಲ. ಬಿಚ್ಚುವುದು ಮಾತ್ರ ಸಾವಕಾಶ. ಸುರುಳಿ ಒಂದೊಂದೇ ಸುತ್ತು ಸಡಿಲವಾಗಿ, ತೊಟ್ಟು ನೇರವಾಗಿ, ಕೊನೆಗೆ ಬಾಯಿ ಅರಳಿ ಕೂದಲು ಮತ್ತೆ ಆಡತೊಡಗುತ್ತವೆ. ನಾನು ಮೇಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಅಷ್ಟೂ ಗಂಟೆಗಳು ಒಟ್ಟಿಗೆ ಮುದುಡಿದವು! ನಾನು ತಟ್ಟಿದ್ದು ಅವಕ್ಕೆ ಗೊತ್ತಾಗಿತ್ತು. ಅದುವರೆಗೆ ನಾನು ಚಿತ್ರ ನೋಡುತ್ತಿರುವ ಹಾಗೆ ನೋಡುತ್ತಿದ್ದೆ, ಆಗಿನಿಂದ ಎದುರಿಗೆ ಯಾರೋ ಇದ್ದಾರೆ ಅನ್ನುವ ಎಚ್ಚರ ಬಂತು.

ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರೂ ಮನಸ್ಸು ಆ ಹನಿಯಲ್ಲೇ. ಸ್ಲೈಡನ್ನು ಒದ್ದೆ ಬಟ್ಟೆ ಹಾಸಿದ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಹನಿ ಆರುವುದಿಲ್ಲ ಅಂತ ಕಂಡುಕೊಂಡ ಮೇಲೆ ಬೆಳಿಗ್ಗೆ ನೋಡಿದ ಅದೇ ಹನಿಯನ್ನು ರಾತ್ರಿ ಊಟವಾದ ಮೇಲೆ ಮತ್ತೆ ನೋಡುವುದು ಸಾಧ್ಯವಾಯಿತು. ನನ್ನ ಗಟ್ಟಿ ಅನಿಸಿಕೆ ಇದು: ದಿನಕ್ಕೊಂದು ಹೊಸ ಕೆರೆಯ ನೀರು ತರುವುದಕ್ಕಿಂತ ಒಂದೇ ಹನಿಯ ಎದುರು ಬಹಳ ಹೊತ್ತು ಕೂಡುವವನಿಗೆ ಹೆಚ್ಚು ಕಾಣುತ್ತದೆ. ಮೊದಲ ನೋಟಕ್ಕೆ ಕಾಣುವುದು ಓಡುವವು. ಕೂತಂತೆ ಕೂತಂತೆ ನಿಂತವು, ಅಂಟಿಕೊಂಡವು, ತೆವಳುವವು ಕಾಣತೊಡಗುತ್ತವೆ.

ಜೋಳದ ಕಣಕಿಯ ಪ್ರಯೋಗವನ್ನು ಎಲ್ಲರೂ ಮಾಡಬಹುದು. ಒಣ ಕಣಕಿಯನ್ನು ಸಣ್ಣಗೆ ಕತ್ತರಿಸಿ ಬಾಟಲಿಯಲ್ಲಿ ಬಾವಿ ನೀರಿನಲ್ಲಿ ಮುಳುಗಿಸಿಡಿ. ನಳದ ನೀರಾದರೆ ಒಂದು ರಾತ್ರಿ ಬಾಯಿ ತೆರೆದಿಟ್ಟು ಬಳಸಿ, ಕ್ಲೋರಿನ್ ಹೋಗಲಿ. ನಾಲ್ಕಾರು ದಿನದಲ್ಲಿ ಮೇಲೆ ಕೆನೆಗಟ್ಟಿ ವಾಸನೆ ಬರುತ್ತದೆ. ಆಗ ಅದರ ತುಂಬ ಬ್ಯಾಕ್ಟೀರಿಯಾ. ಹಿಂದೆಯೇ ಅವನ್ನು ತಿನ್ನುವ ಚಿಕ್ಕವು ಬರುತ್ತವೆ. ಆಮೇಲೆ ಪ್ಯಾರಮೀಸಿಯಮ್, ಬಾಟಲಿಯನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಬಿಳಿ ಚುಕ್ಕೆಗಳ ಓಡಾಟವಾಗಿ ಕಾಣುವಷ್ಟು ದೊಡ್ಡದು. ಇನ್ನೂ ಕೆಲವು ವಾರ ಬಿಟ್ಟರೆ ಆ ಗುಂಪೂ ಕರಗಿ ತಳದಲ್ಲಿ ತೆವಳುವವು, ಅಮೀಬಾಗಳು ಸಿಗುತ್ತವೆ. ಯಾರೂ ಬಿತ್ತಿದ್ದಲ್ಲ. ಕೆಲವು ಬಾವಿ ನೀರಿನ ಜೊತೆಗೇ ಬಂದವು, ಇನ್ನು ಕೆಲವು ಕಣಕಿಯ ಮೇಲೆ, ಧೂಳಿನಲ್ಲಿ, ಗಟ್ಟಿ ಸಿಪ್ಪೆಯೊಳಗೆ ಮುದುಡಿ ಕೂತಿದ್ದವು ನೀರು ಕಂಡೊಡನೆ ಎದ್ದು ಬಂದದ್ದು.

ಇಲ್ಲಿಂದಲೇ ನನ್ನ ಗಮನ ಮಾಳಿಗೆಯ ಕುಂಬಿಯ, ಅಂದರೆ ಅಂಚಿನ ಗಿಡ್ಡ ಗೋಡೆಯ, ಕಡೆ ತಿರುಗಿತು. ನಮ್ಮದು ಬಿಸಿಲು ನಾಡು. ಮಳೆಗಾಲದಲ್ಲಿ ಕುಂಬಿಯ ಮೇಲೆ ಹಸಿರಾಗಿ ಹಬ್ಬಿದ ಹಾವಸೆ ಮಾರ್ಚ್ ಬರುವ ಹೊತ್ತಿಗೆ ಕರ್ರಗೆ ಒಣಗಿ, ಬೆರಳು ತಾಕಿದರೆ ಪುಡಿಯಾಗಿ ಉದುರುತ್ತದೆ. ಬಿರುಬೇಸಿಗೆಯಲ್ಲಿ ಅದರಿಂದ ಒಂದು ಹೆಕ್ಕಳಿಕೆ ಎಬ್ಬಿಸಿ, ತಟ್ಟೆಯಲ್ಲಿ ನೀರು ಹಾಕಿ ಬೋರಲಾಗಿ ನೆನೆಸಿಟ್ಟೆ. ಸಂಜೆ ಹಿಂಡಿ, ಬಂದ ನೀರಿನ ಗಸಿಯನ್ನು ಸ್ಲೈಡಿಗೆ ಹಾಕಿ 40 ಪಟ್ಟಿನಲ್ಲಿ ನೋಡುತ್ತಾ ಹೋದೆ.

ಮಣ್ಣಿನ ಕಣಗಳ ನಡುವೆ ಕೆಂಪಗಿನ ಗುಂಡುಗಳು. ಒಂದು ಗುಂಡು ಮೆಲ್ಲಗೆ ಉದ್ದವಾಯಿತು, ಜಿಗಣೆಯ ನಡಿಗೆಯಲ್ಲಿ ಎರಡು ಹೆಜ್ಜೆ ಮುಂದೆ ಹೋಯಿತು, ಬಾಲ ಊರಿ ನಿಂತಿತು. ತಲೆಯ ತುದಿ ಸೀಳಿಕೊಂಡು ಎರಡು ಚಕ್ರ ಹೊರಬಂದು ತಿರುಗಲು ಶುರುವಾದವು, ಥೇಟ್ ಕಂಡಿಕೆ ಸುತ್ತುವ ರಾಟಿ ತಿರುಗಿದ ಹಾಗೆ. ನಿಜಕ್ಕೂ ಚಕ್ರವೇನೂ ಇಲ್ಲ, ಸುತ್ತಲಿನ ಕೂದಲು ಸಾಲಾಗಿ ಒಂದರ ಹಿಂದೊಂದು ಬಾಗುವುದರಿಂದ ತಿರುಗಿದಂತೆ ಕಾಣುವುದು. ಎದೆಯ ಭಾಗದಲ್ಲಿ ದವಡೆಗಳು ಅರೆಯುತ್ತಿರುವುದೂ ಮೈಯ ಮೂಲಕವೇ ಕಾಣುತ್ತದೆ. ಇದು ರೋಟಿಫರ್. 1702ರಲ್ಲಿ ಲ್ಯೂವೆನ್‌ಹುಕ್ ಮಾಡಿದ್ದೂ ಇದನ್ನೇ: ಮನೆಯ ಸೂರಿನ ದೋಣಿಯಲ್ಲಿ ಒಣಗಿ ಕೂತ ಮಣ್ಣಿಗೆ ನೀರು ಹಾಕಿ, ಇವು ಎದ್ದು ಈಜಿದ್ದನ್ನು ಬರೆದಿಟ್ಟ. ಜಿಗಣೆಯ ಹಾಗೆ ನಡೆಯುವ ಈ ಪಂಗಡದ ರೋಟಿಫರ್‌ಗಳಲ್ಲಿ ಗಂಡುಗಳನ್ನು ಇದುವರೆಗೆ ಯಾರೂ ಕಂಡಿಲ್ಲ, ಇರುವುದೆಲ್ಲ ಹೆಣ್ಣೇ. ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಲ್ಲಿ ಸುಮಾರು 24,000 ವರ್ಷ ಮಲಗಿದ್ದವು ಕರಗಿಸಿದಾಗ ಎದ್ದು ಸಂತಾನ ಬೆಳೆಸಿದವು ಎಂದು 2021ರಲ್ಲಿ ರಷ್ಯಾದ ವಿಜ್ಞಾನಿಗಳು ಪ್ರಕಟಿಸಿದರು. ಹಾಗಿದ್ದ ಮೇಲೆ ನಮ್ಮೂರ ಒಂದು ಬೇಸಿಗೆ ಇವಕ್ಕೆ ಯಾವ ಲೆಕ್ಕ!

ಮಗಳು ನೋಡಿ ಅಜ್ಜಿಯನ್ನು ಎಳೆದುಕೊಂಡು ಬಂದಳು. ಅವ್ವ ಕನ್ನಡಕ ತೆಗೆದು, ಕಣ್ಣು ಹೊಂದಿಸಿಕೊಂಡು ಬಹಳ ಹೊತ್ತು ನೋಡಿದಳು. "ಸತ್ತ ಹಾವಸಿ ಅಂತ ವರ್ಷಾ ಕಸಬರಿಗಿಲೆ ತಿಕ್ಕಿ ತಗೀತಿದ್ನೆಲ್ಲೋ ತಮ್ಮಾ, ಇಷ್ಟೆಲ್ಲಾ ಮಂದಿ ಇದ್ರಲ್ಲಾ ಅದರಾಗ" ಅಂದಳು. ಆ ವರ್ಷದಿಂದ ಕುಂಬಿಯ ಉತ್ತರದ ಮೂಲೆಯನ್ನು ಅವಳು ತಿಕ್ಕುವುದಿಲ್ಲ. ಬೇರೆಯವರಿಗೂ ತಿಕ್ಕಲು ಬಿಡುವುದಿಲ್ಲ.

ಅದೇ ಮೂಲೆಯ ಹಾವಸೆಯಲ್ಲಿ ನೀರುಕರಡಿಯನ್ನೂ ಹುಡುಕುತ್ತಿದ್ದೆ. ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನೊಳಗಿನ ಜೀವಿ, ಎಂಟು ಮೋಟುಗಾಲು, ಕಾಲಿಗೆ ಉಗುರು. 1773ರಲ್ಲಿ ಜರ್ಮನಿಯ ಪಾದ್ರಿ ಗೋಯೆಟ್ಸೆ ಮೊದಲು ವರ್ಣಿಸಿದ್ದು. ತಾಳ್ಮೆ ಬೇಡುವ ಹುಡುಕಾಟವದು. ಎಷ್ಟೋ ಸ್ಲೈಡು ಖಾಲಿ ಹೋದ ಮೇಲೆ ಒಂದು ರಾತ್ರಿ ಮರಳಿನ ಕಣವೊಂದನ್ನು ತಬ್ಬಿಕೊಂಡು ಕಾಲು ಬಡಿಯುತ್ತಿದ್ದದ್ದು ಕಣ್ಣಿಗೆ ಬಿತ್ತು. ಕಣ ಹೊರಳಿದರೆ ಇದೂ ಹೊರಳುತ್ತದೆ, ಮತ್ತೆ ಉಗುರು ಚಾಚಿ ಇನ್ನೊಂದು ಕಣ ಹಿಡಿಯುತ್ತದೆ. ಹಿಡಿಯುವುದಕ್ಕೊಂದು ಆಸರೆ ಸಿಕ್ಕಿದರೆ ಸಾಕು, ನಡೆಯುತ್ತದೆ. ಬರಿಯ ಗಾಜಿನ ಮೇಲೆ ಜಾರುತ್ತಲೇ ಇರುತ್ತದೆ. ಅದು ಗೊತ್ತಾದ ಮೇಲೆ ಸ್ಲೈಡಿಗೆ ಹಾವಸೆಯದೇ ಒಂದು ಎಲೆ ಹಾಕಿಕೊಡುವುದು ನನ್ನ ಪದ್ಧತಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತಮ್ಮ ಆವರಣದ ಕಾಂಕ್ರೀಟ್ ಗೋಡೆಯ ಹಾವಸೆಯಲ್ಲೇ ಕೆಂಗಂದು ಬಣ್ಣದ ನೀರುಕರಡಿಯೊಂದನ್ನು ಕಂಡು 2020ರಲ್ಲಿ ಪ್ರಕಟಿಸಿದ್ದಾರೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ನೇರಳಾತೀತ ಬೆಳಕನ್ನು ಒಂದು ತಾಸು ಬಿಟ್ಟರೂ ಅದು ಬದುಕಿತು. ಆ ಬೆಳಕನ್ನು ಹೀರಿಕೊಂಡು, ತೊಂದರೆಯಿಲ್ಲದ ನೀಲಿ ಬೆಳಕಾಗಿ ಹೊರಬಿಡುವ ಗುಣ ಅದರ ಮೈಗಿದೆಯಂತೆ. ದಕ್ಷಿಣ ಭಾರತದ ಬಿರುಬಿಸಿಲೇ ಅದಕ್ಕೆ ಈ ಗುಣ ಕಲಿಸಿರಬಹುದು ಎಂದು ಅವರ ಊಹೆ. ಇದನ್ನು ಓದಿದ ದಿನ ನಾನು ಅನುಭವಿಸಿದ ಸಂತೋಷ ದೊಡ್ಡದು. ದೊಡ್ಡ ಸಂಸ್ಥೆಯ ವಿಜ್ಞಾನಿಗಳು ನಿಂತು ನೋಡಿದ್ದು ಒಂದು ಗೋಡೆಯ ಹಾವಸೆಯನ್ನೇ, ಅಂಥ ಗೋಡೆ ಯಾರ ಮನೆಗಿಲ್ಲ?

ಈಗ ಭಾನುವಾರ ಸಂಜೆ ಓಣಿಯ ಮಕ್ಕಳು ತಮ್ಮ ತಮ್ಮ ಮನೆಯ ನೀರು ಹಿಡಿದು ಬರುತ್ತಾರೆ: ತುಳಸಿ ಕಟ್ಟೆಯದು, ಕೂಲರಿನದು, ಹಾಳು ಬಾವಿಯದು. ಅವರಿಗೆ ಮೊಬೈಲಿನಲ್ಲಿ ಫೋಟೋ ಹಿಡಿಯುವುದನ್ನು ತಡವಾಗಿ ತೋರಿಸುತ್ತೇನೆ. ಮೊದಲು ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆಯಲಿ. ಬರೆಯುವಾಗ ಕಾಲೆಷ್ಟು, ಕೂದಲೆಲ್ಲಿ ಅಂತ ಮತ್ತೆ ಬಗ್ಗಿ ನೋಡಲೇಬೇಕಾಗುತ್ತದೆ, ಫೋಟೋ ಹಿಡಿದವರು ಒಮ್ಮೆ ನೋಡಿ ಏಳುತ್ತಾರೆ. ಒಂದು ಉಪಾಯ ಅವರಿಗೆ ಬಹಳ ಮೆಚ್ಚುಗೆ: ಸ್ಲೈಡಿನ ಕೆಳಗೆ ಬೆಳಕು ಬರುವ ಕಿಂಡಿಯ ನಡುವೆ ಚಿಕ್ಕ ಕಪ್ಪು ಕಾಗದದ ಬಿಲ್ಲೆ ಇಟ್ಟರೆ ಹಿನ್ನೆಲೆ ಕಪ್ಪಾಗಿ, ಜೀವಿಗಳು ಮಾತ್ರ ಬೆಳ್ಳಗೆ ಹೊಳೆಯುತ್ತವೆ. ಕಡಿಮೆ ಪಟ್ಟಿನ ಮಸೂರದಲ್ಲಿ ಇದು ಚೆನ್ನಾಗಿ ಒದಗುತ್ತದೆ. ನೀರು ಮುಟ್ಟಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಯದೆ ಯಾರಿಗೂ ತಿನ್ನಲು ಕೊಡುವುದಿಲ್ಲ.

ನನ್ನ ಸದ್ಯದ ಆಸೆ ಡಯಾಟಮ್. ಗಾಜಿನದೇ ಘಟಕವಾದ ಸಿಲಿಕಾದಲ್ಲಿ ಚಿಪ್ಪು ಕಟ್ಟಿಕೊಂಡು, ಅದರ ಮೇಲೆ ಸಾಲು ಸಾಲು ಗೆರೆ ಕೊರೆದುಕೊಂಡ ಪಾಚಿ ಅದು. ಕೃಷ್ಣಾ ಮಲಪ್ರಭಾ ಕೂಡುವ ಕೂಡಲಸಂಗಮ ನಮಗೆ ದೂರವೇನಲ್ಲ. ಮೆಟ್ಟಿಲಿನ ಕಲ್ಲಿಗೆ ಹತ್ತಿದ ಕಂದು ಲೋಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬಾಟಲಿಗೆ ಉಜ್ಜಿಕೊಂಡು ಬರಬೇಕೆಂದಿದ್ದೇನೆ. ಅವ್ವನಿಗೆ ಸಂಗಮನಾಥನ ದರ್ಶನವೂ ಆಗುತ್ತದೆ, ಬ್ರಷ್ಷು ಬಾಟಲಿ ಎರಡನ್ನೂ ಅವಳೇ ಚೀಲಕ್ಕೆ ಹಾಕಿಟ್ಟಿದ್ದಾಳೆ.