ಕ್ಲಿಂಗಾನ್ ಕ್ರಿಯಾಪದ ನನಗೆ ಒಲಿದದ್ದು ಹೀಗೆ

ಪುಕ್ ಲೆಘ್ ಯಷ್. ಇದು ಕ್ಲಿಂಗಾನ್ ಎಂಬ ಕಟ್ಟಿದ ಭಾಷೆಯ ವಾಕ್ಯ. ಪುಕ್ ಅಂದರೆ ಮಗು, ಲೆಘ್ ಅಂದರೆ ನೋಡು, ಯಷ್ ಅಂದರೆ ಅಧಿಕಾರಿ. ಮಗು ಅಧಿಕಾರಿಯನ್ನು ನೋಡುತ್ತದೆ ಎಂದೇ ಓದಿಕೊಂಡಿದ್ದೆ. ನಿಜಕ್ಕೂ ನೋಡುತ್ತಿರುವುದು ಅಧಿಕಾರಿ. ಕ್ಲಿಂಗಾನ್‌ನಲ್ಲಿ ಕರ್ಮ ಮೊದಲು, ಆಮೇಲೆ ಕ್ರಿಯೆ, ಕರ್ತೃ ಕೊನೆಗೆ. ನಮಗೆ 'ಅನ್ನು' ಇರುವುದರಿಂದ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡುವುದಿಲ್ಲ. ಅಲ್ಲಿ ಆ ಪ್ರತ್ಯಯವೇ ಇಲ್ಲ, ಎಲ್ಲ ಭಾರವೂ ಪದಕ್ರಮದ ಮೇಲೆ.

ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶ ಕಥೆಯ ಚಿತ್ರಗಳಿಗಾಗಿ ಈ ಭಾಷೆಯನ್ನು ಕಟ್ಟಿದ ಮಾರ್ಕ್ ಓಕ್ರಾಂಡ್ 1985ರಲ್ಲಿ ಅದರ ನಿಘಂಟನ್ನೂ ವ್ಯಾಕರಣವನ್ನೂ ಒಂದೇ ಪುಸ್ತಕವಾಗಿ ಹೊರತಂದರು. ಅದನ್ನು ಇಂಗ್ಲಿಷ್ ಮೂಲಕ ಕಲಿಯುತ್ತಿದ್ದಷ್ಟು ದಿನ ನಾನು ಎಡವುತ್ತಲೇ ಇದ್ದೆ.

ಹೆಚ್ಚು ಕಾಡಿದ್ದು '-ಪುʼ' ಪ್ರತ್ಯಯ (ʼ ಅಂದರೆ ಗಂಟಲಲ್ಲಿ ಉಸಿರನ್ನು ತಟ್ಟನೆ ತಡೆಯುವ ದನಿ). ಅದು ಭೂತಕಾಲದ ಗುರುತು ಅಂದುಕೊಂಡು ಕಂಡಕಂಡಲ್ಲಿ ಅಂಟಿಸಿದೆ. ಆದರೆ ಕ್ಲಿಂಗಾನ್ ಕ್ರಿಯಾಪದಕ್ಕೆ ಕಾಲವೇ ಇಲ್ಲ. 'ವʼಹುʼ ಜಿಘುಂಗ್' ಅಂದರೆ ನಿನ್ನೆ ನನಗೆ ಹಸಿವಾಗಿತ್ತು, 'ವʼಲೆಷ್ ಜಿಘುಂಗ್' ಅಂದರೆ ನಾಳೆ ಹಸಿವಾಗಿರುತ್ತದೆ. ಕ್ರಿಯಾಪದ ಎರಡರಲ್ಲೂ ಅದೇ. ಹಾಗಾದರೆ '-ಪುʼ' ಏನು? ಒಂದು ಸಂಜೆ 'ನಾಳೆ ಇಷ್ಟೊತ್ತಿಗೆ ಉಂಡಿರುತ್ತೇನೆ' ಎಂಬ ನಮ್ಮದೇ ಮಾತು ನೆನಪಾಯಿತು. ಅಲ್ಲಿನ 'ಉಂಡು' ನಿನ್ನೆಯದಲ್ಲ, ಬರೀ ಮುಗಿದದ್ದು. '-ಪುʼ' ಕೂಡ ಅಷ್ಟೇ! ಅಂದಿನಿಂದ ಅದನ್ನು 'ಉಂಡೆ'ಯ ಪಕ್ಕದಲ್ಲಿಡದೆ 'ಉಂಡು'ವಿನ ಪಕ್ಕದಲ್ಲಿಟ್ಟು ನೋಡುತ್ತೇನೆ. ಪಟ್ಟು ಹಿಡಿದು ಮಾಡಿ ಮುಗಿಸಿದ್ದಕ್ಕೆ '-ತʼ', ನಡೆಯುತ್ತಲೇ ಇರುವುದಕ್ಕೆ '-ತಹ್', ಗುರಿಯತ್ತ ಸಾಗುತ್ತಿರುವುದಕ್ಕೆ '-ಲಿʼ'.

ಕ್ರಿಯಾಪದದ ಶುರುವಿಗೆ ಸೇರುವ ಪ್ರತ್ಯಯಗಳೂ ಸುಲಭವಲ್ಲ. ನಮ್ಮ 'ತಿನ್ನುತ್ತೇನೆ' ಯಾರು ಅನ್ನುವುದನ್ನಷ್ಟೇ ಹೇಳುತ್ತದೆ. ಅಲ್ಲಿ ಯಾರು, ಯಾರನ್ನು ಎರಡೂ ಒಂದೇ ತುಣುಕಿನಲ್ಲಿ ಸೇರಿರುತ್ತವೆ. 'ಜಿಷೊಪ್' ಅಂದರೆ ಸುಮ್ಮನೆ ತಿನ್ನುತ್ತೇನೆ. 'ವಿಷೊಪ್' ಅಂದರೆ ಅದನ್ನು ತಿನ್ನುತ್ತೇನೆ. ಬರೆಯುವಾಗ ಪ್ರತಿ ಕ್ರಿಯಾಪದಕ್ಕೂ 'ಏನನ್ನು?' ಎಂದು ಕೇಳಿಕೊಳ್ಳುತ್ತೇನೆ, ಮನಸ್ಸಿನಲ್ಲಿ ಉತ್ತರವಿದ್ದರೆ 'ವಿ', ಇಲ್ಲದಿದ್ದರೆ 'ಜಿ'.

ಪ್ರಶ್ನೆ ಮಾತ್ರ ತಾನಾಗಿಯೇ ಬಂತು. 'ಬಿಘುಂಗ್' ಅಂದರೆ ನಿನಗೆ ಹಸಿವಾಗಿದೆ, 'ಬಿಘುಂಗ್‌ʼಅʼ' ಅಂದರೆ ಹಸಿವಾಗಿದೆಯಾ? ನಮ್ಮ 'ಆ' ಅಲ್ಲಿ ಕೂತಿರುವುದು ಕಂಡು ತುಂಬ ಖುಷಿಯಾಯಿತು. ಆ ಭಾಷೆಯ ಡಕಾರ, ಷಕಾರಗಳಿಗೂ ನಮ್ಮ ನಾಲಿಗೆ ಮೊದಲೇ ಪಳಗಿದೆ.

ನಿರಾಕರಣೆಯ '-ಬೆʼ' ಯಾವುದರ ನಂತರ ಕೂರುತ್ತದೋ ಅದನ್ನೇ ಅಲ್ಲಗಳೆಯುತ್ತದೆ, ಒತ್ತು ಕೊಡುವ '-ಕುʼ' ಕೂಡ ಹಾಗೆಯೇ. 'ಪಿಹೊಹ್‌ವಿಪ್‌ಬೆʼಕುʼ' ಅಂದರೆ ನಿನ್ನನ್ನು ಕೊಲ್ಲಲು ನಮಗೆ ಖಂಡಿತ ಭಯವಿಲ್ಲ. ಕೊನೆಯ ಎರಡು ತುಣುಕು ಅದಲುಬದಲಾಗಿ 'ಪಿಹೊಹ್‌ವಿಪ್‌ಕುʼಬೆʼ' ಆದರೆ ಒತ್ತು ನಿರಾಕರಣೆಯಿಂದ ಸರಿದು 'ಭಯ'ದ ಮೇಲೆ ಬೀಳುತ್ತದೆ. ಇಂಥ ಜೋಡಿಗಳನ್ನು ಗಟ್ಟಿಯಾಗಿ ಓದಿ ಓದಿಯೇ ರೂಢಿಸಿಕೊಂಡೆ.

ಕೊನೆಗೆ ಕೈಗೆ ಸಿಕ್ಕಿದ್ದು '-ಲುʼ'. 'ಡಕವ್' ಅಂದರೆ ನೀನು ಅದನ್ನು ನೆನೆಯುತ್ತೀಯ, 'ಡಕವ್‌ಲುʼ' ಅಂದರೆ ನಿನ್ನನ್ನು ಯಾರೋ ನೆನೆಯುತ್ತಾರೆ. 'ನೀನು' ಕರ್ತೃವಿನ ಜಾಗ ಬಿಟ್ಟು ಕರ್ಮವಾಗಿಬಿಡುತ್ತದೆ. ಇದನ್ನು ಕರ್ಮಣಿ ಪ್ರಯೋಗವೆಂದು 'ನೆನೆಯಲ್ಪಡುತ್ತೀಯ' ಅಂತ ಬರೆದುಕೊಂಡಾಗ ಒಂದೂ ತಲೆಗೆ ಹತ್ತಿರಲಿಲ್ಲ. ಊರಲ್ಲಿ 'ಹಾಗಂತಾರೆ' ಅನ್ನುತ್ತೇವಲ್ಲ, ಯಾರು ಅಂತ ಹೇಳುವುದೂ ಇಲ್ಲ, ಕೇಳುವುದೂ ಇಲ್ಲ. '-ಲುʼ' ಅಂದರೆ ಆ 'ಆರೆ'.